ಎದುರು ಕೂತು ನಡೆಸುವ ಥೆರಪಿಯ ಜೊತೆಗೆ ಮೊಬೈಲ್ ಆ್ಯಪ್: ನೀವು ಹೇಗೆ ಬಳಸುತ್ತಿದ್ದೀರಿ?

ಪ್ರಶ್ನೆ: ವಾರದ ಗಂಟೆ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ದೊಡ್ಡವರ ಜೊತೆ ಕೆಲಸ ಮಾಡುತ್ತೇನೆ. ಖಿನ್ನತೆ, ಆತಂಕ, ಪ್ಯಾನಿಕ್ ಅಂತ ಬರುವವರೇ ಜಾಸ್ತಿ. ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಥೆರಪಿ, ನನ್ನ ಮುಖ್ಯ ವಿಧಾನ. ಥೆರಪಿ ಮಾಡುವವರಿಗೂ ಥೆರಪಿಗೆ ಹೋಗುತ್ತಿರುವವರಿಗೂ ಸೇರಿಸಿ ಇದನ್ನು ಕೇಳುತ್ತಿದ್ದೇನೆ.

ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ನನಗೆ ಬೇಡ. ಅದು ಈಗಾಗಲೇ ಬಂದಾಗಿದೆ. ನಾನು ಹೇಳದೇ ಇದ್ದರೂ ಹೊಸಬರು ಮೊದಲ ಭೇಟಿಗೇ ಒಂದೆರಡನ್ನು ಫೋನಿನಲ್ಲಿ ಹಾಕಿಕೊಂಡು ಬರುತ್ತಾರೆ. ಒಬ್ಬರದ್ದು ಮೂಡ್ ಬರೆದಿಡುವ ಆ್ಯಪ್. ಇನ್ನೊಬ್ಬರದ್ದು ಉಸಿರಾಟ, ಧ್ಯಾನ. ಕೆಲವರು ನಿದ್ದೆ ಬಾರದ ರಾತ್ರಿ ಚಾಟ್‌ಬಾಟ್ ಜೊತೆ ಮಾತಾಡುತ್ತಾರೆ. ಅದು ಸೆಷನ್ನಿನೊಳಗೆ ಬಂದ ಮೇಲೆ ನೀವು ಏನು ಮಾಡುತ್ತೀರಿ? ನನಗೆ ತಿಳಿಯಬೇಕಾಗಿರುವುದು ಇಷ್ಟೇ.

ಯಾಕೆ ಕೇಳುತ್ತಿದ್ದೇನೆ ಅಂದರೆ ಮೂರು ಜನರ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಬ್ಬರು ಪ್ಯಾನಿಕ್‌ಗೆ ಅಂತ ಬಂದವರು. "ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ, ಸುಮ್ನೆ ಬರುತ್ತೆ" ಅನ್ನುತ್ತಿದ್ದರು. ಎದೆ ಬಡಿತ ಶುರುವಾದಾಗಲೆಲ್ಲ ಫೋನಿನಲ್ಲಿ ಒಂದು ಗುಂಡಿ ಒತ್ತಿ, ಒಂದು ಸಾಲು ಬರೆಯಿರಿ ಅಂದೆ. ಕೆಲವು ವಾರದ ನಂತರ ಇಬ್ಬರೂ ಕೂತು ನೋಡಿದೆವು. ಬಹುಪಾಲು ದಾಖಲೆ ಒಂದೇ ದಿನದ ಸಂಜೆಯವು. ಮಾರನೇ ದಿನ ಆಫೀಸಿನಲ್ಲಿ ವಾರದ ಮೀಟಿಂಗ್. ಅವರು ಪರದೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಅಂದರೆ ಇದಕ್ಕೆ ಕಾರಣ ಇದೆ" ಅಂದರು. ಆ ಮಾತು ನಾನು ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಇನ್ನೊಬ್ಬರು ಖಿನ್ನತೆಯವರು. ಮೊದಲು ನಾನು "ವಾರ ಹೇಗಿತ್ತು" ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಗಳವಾರ ಅಣ್ಣನ ಜೊತೆ ಜಗಳ ಆಯ್ತು" ಅಂತ ಶುರು ಮಾಡುತ್ತಿದ್ದರು. ಈಗ ಅವರ ಆ್ಯಪ್ ದಿನಕ್ಕೆ ಮೂರು ಸಲ ಒಂದರಿಂದ ಹತ್ತರೊಳಗೆ ಮೂಡ್ ಎಷ್ಟು ಅಂತ ಕೇಳುತ್ತದೆ. ನಾನು ಅದೇ ಪ್ರಶ್ನೆ ಕೇಳಿದರೆ ಫೋನ್ ತೆಗೆದು ಗ್ರಾಫ್ ತೋರಿಸುತ್ತಾರೆ. "ಸರಾಸರಿ 4.6, ಹೋದ ವಾರಕ್ಕಿಂತ 0.3 ಮೇಲೆ." ಅಂಕಿ ಬಂತು, ಅಣ್ಣ ಬರಲಿಲ್ಲ.

ಮೂರನೆಯವರ ಪ್ರಶ್ನೆಯಿಂದಾಗಿಯೇ ಇಲ್ಲಿ ಬರೆಯುತ್ತಿರುವುದು. ಅವರ ಆ್ಯಪ್‌ನಲ್ಲಿ ಬರೆದದ್ದನ್ನು ಥೆರಪಿಸ್ಟ್ ಕೂಡ ತಮ್ಮ ಕಂಪ್ಯೂಟರಿನಲ್ಲಿ ನೋಡುವ ವ್ಯವಸ್ಥೆ ಇದೆ. "ನಾನು ರಾತ್ರಿ ಎರಡು ಗಂಟೆಗೆ ಬರೆದರೆ ನೀವು ಓದುತ್ತೀರಾ?" ಅಂದರು. ಯೋಚಿಸಿ ಮುಂದಿನ ಸೆಷನ್ನಿನಲ್ಲಿ ಹೇಳುತ್ತೇನೆ ಅಂದಿದ್ದೇನೆ. ಓದುತ್ತೇನೆ ಅಂದರೆ ರಾತ್ರಿಯೆಲ್ಲ ನಾನು ಅಲ್ಲಿರುತ್ತೇನೆ ಅನ್ನುವ ನಂಬಿಕೆ ಹುಟ್ಟುತ್ತದೆ. ಓದಲ್ಲ ಅಂದರೆ, ಹಾಗಾದರೆ ಯಾಕೆ ಬರೆಯಲಿ ಅನ್ನುತ್ತಾರೆ. ನೀವಾದರೆ ಏನು ಹೇಳುತ್ತಿದ್ದಿರಿ?

ಉತ್ತರ: ನೀಲಿ ಪೆನ್ನು

ನಾನು ಬಳಸುತ್ತೇನೆ, ಧಾರಾಳವಾಗಿ. ಆದರೆ "ಈ ಆ್ಯಪ್ ಹಾಕಿಕೊಳ್ಳಿ" ಅಂತ ಯಾವತ್ತೂ ಹೇಳುವುದಿಲ್ಲ. ಅದರೊಳಗಿನ ಯಾವುದಾದರೂ ಒಂದೇ ಕೆಲಸ ಹೇಳುತ್ತೇನೆ. ಉಳಿದದ್ದನ್ನು ಮುಟ್ಟಬೇಡಿ ಅನ್ನುತ್ತೇನೆ.

ಕಾಗದದ ಡೈರಿ ಮೇಲೆ ನಮಗೆಲ್ಲ ಪ್ರೀತಿ. ಆದರೆ ಬಹಳ ಜನ ಅದನ್ನು ತುಂಬುವುದು ಸೆಷನ್ನಿಗೆ ಮುಂಚೆ, ಹೊರಗೆ ಕಾಯುತ್ತಾ ಕೂತಾಗ. ಇದು ನನ್ನ ಅನುಮಾನ ಮಾತ್ರ ಅಲ್ಲ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಬಹುಕಾಲದ ನೋವಿರುವ 80 ಜನ. ಕೆಲವರಿಗೆ ಕಾಗದದ ಡೈರಿ, ಕೆಲವರಿಗೆ ಎಲೆಕ್ಟ್ರಾನಿಕ್ ಡೈರಿ. ಕಾಗದದ ಡೈರಿಯೊಳಗೆ ಬೆಳಕು ಗುರುತಿಸುವ ಸಣ್ಣ ಸಾಧನ ಇಟ್ಟಿದ್ದರು. ಯಾವಾಗ ತೆರೆದರು ಅಂತ ಅದರಿಂದ ಗೊತ್ತಾಗುತ್ತಿತ್ತು. ಕಾಗದದವರು ಹೇಳಿಕೊಂಡ ಪ್ರಕಾರ ನೂರಕ್ಕೆ 90ರಷ್ಟು ಸಲ ಸಮಯಕ್ಕೆ ಸರಿಯಾಗಿ ತುಂಬಿದ್ದರು. ನಿಜವಾಗಿ ತುಂಬಿದ್ದು ನೂರಕ್ಕೆ 11. ಎಲೆಕ್ಟ್ರಾನಿಕ್ ಡೈರಿಯವರದ್ದು ನೂರಕ್ಕೆ 94. ಕಾಗದದವರು ಸುಳ್ಳುಗಾರರು ಅಂತ ನಾನು ಹೇಳುತ್ತಿಲ್ಲ. ವಾರದ ಕೊನೆಯಲ್ಲಿ ನೆನಪಿನಿಂದ ಬರೆದದ್ದು ಆ ವಾರದ್ದಾಗಿರುವುದಿಲ್ಲ. ಬರೆಯುವ ಹೊತ್ತಿನ ಮೂಡ್ ಅದಕ್ಕೆಲ್ಲ ಬಣ್ಣ ಬಳಿದಿರುತ್ತದೆ. ಖಿನ್ನತೆಯಲ್ಲಂತೂ ಇದು ಇನ್ನೂ ಜಾಸ್ತಿ.

ಎಕ್ಸ್‌ಪೋಷರ್ ಕೆಲಸದಲ್ಲಿ, ಅಂದರೆ ಹೆದರುವುದನ್ನೇ ಹಂತಹಂತವಾಗಿ ಎದುರಿಸುವ ಅಭ್ಯಾಸದಲ್ಲಿ, ಇದು ನನಗೆ ದಿನಾ ಕಾಣುತ್ತದೆ. ಭಯ ಎಷ್ಟಿದೆ ಅಂತ ಹೇಳಲು ಮನೋವೈದ್ಯ ಜೋಸೆಫ್ ವೋಲ್ಪ್ ಕೊಟ್ಟ 0ಯಿಂದ 100ರ ಅಳತೆ ನಿಮಗೆ ಗೊತ್ತಲ್ವಾ? ಲಿಫ್ಟ್ ಹತ್ತುವ ಅಭ್ಯಾಸ ಮಾಡಿದವರು ಬಂದು "ಭಯಂಕರವಾಗಿತ್ತು, ಇನ್ನು ಆಗಲ್ಲ" ಅನ್ನುತ್ತಾರೆ. ಫೋನಿನಲ್ಲಿ ಅಲ್ಲೇ ನಿಂತು ಹಾಕಿದ ಅಂಕಿ ನೋಡಿದರೆ ಹತ್ತಿದಾಗ 80, ಇಳಿಯುವಾಗ 35. ಭಯ ಇಳಿದದ್ದು ನೆನಪಿನಲ್ಲಿ ಉಳಿದೇ ಇಲ್ಲ. ಅದನ್ನು ಅವರ ಕೈಯಿಂದಲೇ ಓದಿಸುತ್ತೇನೆ.

ಥೆರಪಿಸ್ಟ್ ಜೊತೆಗೇ ಬಳಸಬೇಕು ಅಂತ ಮಾಡಿದ ಆ್ಯಪ್‌ಗಳೂ ಇವೆ. ಅಮೆರಿಕದ ಮಾಜಿ ಸೈನಿಕರ ಇಲಾಖೆಯವರ ಪಿಇ ಕೋಚ್ ಅಂಥದ್ದು. ಆಘಾತದ ನೆನಪನ್ನು ಮತ್ತೆ ಮತ್ತೆ ಹೇಳಿಸುವ ಚಿಕಿತ್ಸೆಯಲ್ಲಿ ಸೆಷನ್ನನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಬೇಕಾಗುತ್ತದೆ. ಮೊದಲು ಕ್ಯಾಸೆಟ್ ಕೊಡುತ್ತಿದ್ದರು. ಈಗ ಅದೇ ಕೆಲಸ ಫೋನಿನಲ್ಲಿ ಆಗುತ್ತದೆ. ಆ್ಯಪ್ ಚಿಕಿತ್ಸೆಯ ಒಂದು ಕೆಲಸ ಹೊತ್ತುಕೊಂಡಿದೆ, ಅಷ್ಟೇ. ಆ್ಯಪ್ ಒಂದನ್ನೇ ಜನರ ಕೈಗೆ ಕೊಟ್ಟು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆ ನೋಡಿದ 2019ರ ಅಧ್ಯಯನದಲ್ಲಿ, ಹದಿನೈದು ದಿನ ಆದಮೇಲೂ ತೆರೆಯುತ್ತಿದ್ದವರು, ಆ್ಯಪ್‌ಗಳನ್ನು ಕ್ರಮವಾಗಿ ಜೋಡಿಸಿದರೆ ನಡುವೆ ಬರುವ ಆ್ಯಪ್‌ನಲ್ಲಿ, ನೂರಕ್ಕೆ 3.9 ಮಾತ್ರ. ಯಾರೋ ಕೇಳುತ್ತಾರೆ ಅನ್ನುವುದಿಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ನಿಮ್ಮ ಗ್ರಾಫ್ ಕ್ಲೈಂಟ್ ವಿಷಯಕ್ಕೆ ಬರುತ್ತೇನೆ. ಮೂರು ಸಲದ ಅಂಕಿ ನಿಲ್ಲಿಸಿ. "ಆಗ ಏನು ಮಾಡುತ್ತಿದ್ದೆ, ಜೊತೆಗೆ ಯಾರಿದ್ದರು" ಅಂತ ಒಂದು ಸಾಲು ಬರೆಸಿ. ಮಾಡಿದ ಕೆಲಸದಲ್ಲಿ ಖುಷಿ ಎಷ್ಟು ಸಿಕ್ಕಿತು, ಮುಗಿಸಿದೆ ಅನ್ನುವ ಸಮಾಧಾನ ಎಷ್ಟು ಸಿಕ್ಕಿತು ಅಂತ ಬೇಕಾದರೆ ಎರಡು ಅಂಕಿ ಇರಲಿ. ಕೆಲಸದ ಹೆಸರಿಲ್ಲದ ಅಂಕಿಯಿಂದ ಮುಂದಿನ ವಾರಕ್ಕೆ ಏನೂ ಯೋಜನೆ ಮಾಡಕ್ಕಾಗಲ್ಲ. ಸೆಷನ್ನಿನಲ್ಲಿ ಫೋನನ್ನು ಇಬ್ಬರಿಗೂ ಕಾಣುವ ಹಾಗೆ ಮೇಜಿನ ಮೇಲಿಡಿ. ಎಲ್ಲಕ್ಕಿಂತ ಕೆಳಗಿರುವ ಒಂದು ಚುಕ್ಕಿ ತೋರಿಸಿ, "ಇದರ ಕಥೆ ಹೇಳಿ" ಅನ್ನಿ. ಆಮೇಲೆ ಫೋನ್ ಒಳಗೆ ಹೋಗಲಿ. ನಾನು ಶುರುವಿನ ಐದು ಹತ್ತು ನಿಮಿಷಕ್ಕಿಂತ ಜಾಸ್ತಿ ಅದಕ್ಕೆ ಕೊಡುವುದಿಲ್ಲ.

ಉತ್ತರ: ಮೌನಕ್ಕೂ ಜಾಗ

ನನ್ನದು ಸೈಕೋಡೈನಮಿಕ್ ಕೆಲಸ, ಅಂದರೆ ಹಳೆಯ ಸಂಬಂಧಗಳು ಮತ್ತು ಒಳಗೆ ಅಡಗಿದ ಭಾವನೆಗಳನ್ನು ನೋಡುವ ಥೆರಪಿ. ನಾನಾಗಿ ಯಾರಿಗೂ ಆ್ಯಪ್ ಹೇಳಿಲ್ಲ, ಹೇಳುವುದೂ ಇಲ್ಲ. ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕಾರಣ ಬೇರೆ.

ಥೆರಪಿಯ ನಂಟಿಗೆ ಮೂರು ಎಳೆ ಇವೆ ಅಂತ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು. ಗುರಿಯ ಬಗ್ಗೆ ಒಪ್ಪಿಗೆ, ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ಬಾಂಧವ್ಯ. ಆ್ಯಪ್ ಎರಡನೆಯದ್ದಕ್ಕೆ ಸಹಾಯ ಮಾಡುತ್ತದೆ, ಒಪ್ಪುತ್ತೇನೆ. ನನ್ನ ಕೆಲಸ ಬಹುಪಾಲು ನಡೆಯುವುದು ಮೂರನೆಯದ್ದರಲ್ಲಿ. ಎರಡು ಸೆಷನ್‌ಗಳ ನಡುವಿನ ವಾರ ನನಗೆ ಖಾಲಿ ಸಮಯ ಅಲ್ಲ. ಆ ವಾರದಲ್ಲಿ ಕ್ಲೈಂಟ್ ಕಾಯುತ್ತಾರೆ. ನನ್ನ ಮೇಲೆ ಬೇಜಾರಾಗುತ್ತಾರೆ. "ಬೇಕಾದಾಗ ನೀವು ಸಿಗಲಿಲ್ಲ" ಅನ್ನುವ ಸಿಟ್ಟನ್ನು ಹೊತ್ತು ತರುತ್ತಾರೆ. ಬೇಕಾದಾಗ ಯಾರೂ ಸಿಗದೇ ಬೆಳೆದವರಿಗೆ, ಆ ಸಿಟ್ಟನ್ನು ಒಬ್ಬ ಮನುಷ್ಯನ ಮುಖಕ್ಕೆ ಹೇಳಿ, ಆ ಮನುಷ್ಯ ಎದ್ದು ಹೋಗದೇ ಕೇಳುವುದೇ ಚಿಕಿತ್ಸೆ. ರಾತ್ರಿ ಎರಡಕ್ಕೆ ಆ್ಯಪ್ ಸಮಾಧಾನ ಮಾಡಿ ಮಲಗಿಸಿಬಿಟ್ಟರೆ ಆ ಸಿಟ್ಟು ನನ್ನ ಹತ್ತಿರ ಬರುವುದೇ ಇಲ್ಲ.

ನೀಲಿ ಪೆನ್ನು ಅವರ ಸಲಹೆಗೆ ನನ್ನ ತಕರಾರು ಇದೆ. ಗ್ರಾಫನ್ನು ಬದಲಿಸುವ ಮೊದಲು ಅದು ಅಲ್ಲಿ ಏನು ಮಾಡುತ್ತಿದೆ ಅಂತ ಕೇಳಿ. ಮಗು ಮಾರ್ಕ್ಸ್ ಕಾರ್ಡ್ ತಂದು ಕೈಗಿಟ್ಟು ಮುಖ ನೋಡುತ್ತಾ ನಿಲ್ಲುವ ಹಾಗೆ ಅವರು ನಿಲ್ಲುತ್ತಿರಬಹುದು. 0.3 ಮೇಲೆ ಹೋಗಿದೆ, ಈಗಲಾದರೂ ನಿಮಗೆ ಸಂತೋಷವಾಯಿತಾ ಅಂತ. ಅಥವಾ ನೀವು ಪರದೆ ನೋಡುತ್ತಿದ್ದರೆ ಅವರನ್ನು ನೋಡುವುದಿಲ್ಲ, ಅದೇ ಅವರಿಗೆ ಬೇಕಾಗಿರಬಹುದು. ಅಣ್ಣನ ಜಗಳದ ಬಗ್ಗೆ ಮಾತಾಡಿದ ದಿನ ಏನಾಯಿತು? ಅಳು ಬಂದಿತ್ತಾ? ಗ್ರಾಫ್ ಶುರುವಾದದ್ದು ಅದರ ಮುಂದಿನ ವಾರವಾ? ನಾನಾದರೆ ಇದನ್ನು ಮೊದಲು ಕೇಳುತ್ತೇನೆ.

ಚಾಟ್‌ಬಾಟ್ ವಿಷಯ. ಯಂತ್ರದ ಹತ್ತಿರ ಜನ ಮನಸ್ಸು ಬಿಚ್ಚುವುದು ಹೊಸದಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. ಅದನ್ನು ಮಾಡುವುದನ್ನೆಲ್ಲ ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡುವಾಗ ನೀವು ಸ್ವಲ್ಪ ಹೊರಗೆ ಹೋಗಿ ಅಂದರಂತೆ. ವೈಜೆನ್‌ಬಾಮ್‌ಗೆ ಅದು ಗಾಬರಿ ಹುಟ್ಟಿಸಿತು. ನನಗೆ ಅದರಲ್ಲಿ ಕೆಲಸಕ್ಕೆ ಬರುವ ವಿಷಯ ಕಾಣುತ್ತದೆ. ನನ್ನ ಕ್ಲೈಂಟ್ ಒಬ್ಬರು ಒಂದು ನಾಚಿಕೆಯ ವಿಷಯವನ್ನು ಮೊದಲು ಚಾಟ್‌ಬಾಟ್‌ಗೆ ಹೇಳಿದ್ದರು. ಯಾಕೆ ಅಂತ ಕೇಳಿದೆ. "ಅದಕ್ಕೆ ಮುಖ ಇಲ್ಲ" ಅಂದರು. ನನ್ನ ಮುಖದಲ್ಲಿ ಅವರಿಗೆ ಏನು ಕಾಣುತ್ತಿತ್ತು ಅನ್ನುವ ಮಾತೇ ಆಮೇಲೆ ಎಷ್ಟೋ ವಾರ ನಡೆಯಿತು. ಹಾಗಾಗಿ ಬಳಸಬೇಡಿ ಅಂತ ಹೇಳುವುದಿಲ್ಲ. ಏನು ಮಾತಾಡಿದಿರಿ, ಅದನ್ನು ಇಲ್ಲಿ ಹೇಳಕ್ಕೆ ಯಾಕೆ ಆಗಲಿಲ್ಲ ಅಂತ ಪ್ರತಿ ಸಲ ಕೇಳುತ್ತೇನೆ.

ಉತ್ತರ: ಗುರುವಾರ ನಾಲ್ಕು ಗಂಟೆ

ನಾನು ಥೆರಪಿಸ್ಟ್ ಅಲ್ಲ, ಥೆರಪಿಗೆ ಹೋಗುವವಳು. ನೀವೆಲ್ಲ ನಿಮ್ಮ ಕಡೆಯಿಂದ ಹೇಳುತ್ತಿದ್ದೀರಿ. ನನ್ನ ಕಡೆಯದ್ದೂ ಸ್ವಲ್ಪ ಕೇಳಿ.

ಮೊದಲ ಥೆರಪಿಸ್ಟ್ ಒಂದು ಆ್ಯಪ್ ಹೇಳಿದರು. ಮನಸ್ಸಿಟ್ಟು ತುಂಬಿದೆ. ರಾತ್ರಿ ಕೂತು ಉದ್ದುದ್ದ ಬರೆದೆ. ಸೆಷನ್ನಿಗೆ ಹೋದರೆ ಅದರ ಮಾತೇ ಇಲ್ಲ. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರ ನಾನು ಬರೆಯುವುದು ನಿಲ್ಲಿಸಿದೆ. ಅದೂ ಅವರಿಗೆ ಗೊತ್ತಾಗಲಿಲ್ಲ. ಆಗ ಆದ ನೋವು ಆ್ಯಪ್‌ನದ್ದಲ್ಲ. ನಾನು ಬರೆದದ್ದು ಓದಲು ಯೋಗ್ಯ ಅಲ್ಲ ಅಂತ ಅನ್ನಿಸಿಬಿಟ್ಟಿತ್ತು. ಈಗಿನವರು ಕೂತ ತಕ್ಷಣ "ತೆಗೆಯಿರಿ, ಯಾವುದನ್ನು ಓದೋಣ?" ಅನ್ನುತ್ತಾರೆ. ಯಾವುದು ಅನ್ನುವುದು ನನ್ನ ಆಯ್ಕೆ. ಓದಿಸದೇ ಇಟ್ಟುಕೊಳ್ಳುವುದೂ ನನ್ನ ಆಯ್ಕೆ.

ಅಂಕಿಯ ಬಗ್ಗೆ ಒಂದು ವಿಷಯ. ಅದನ್ನು ಥೆರಪಿಸ್ಟ್ ನೋಡುತ್ತಾರೆ ಅಂತ ಗೊತ್ತಿದ್ದರೆ ಅಂಕಿ ಬದಲಾಗುತ್ತದೆ. 3 ಅನ್ನಿಸಿದಲ್ಲಿ 5 ಒತ್ತಬೇಕು ಅನ್ನಿಸುತ್ತದೆ. ಅವರು ಇಷ್ಟು ಕಷ್ಟಪಡುತ್ತಿದ್ದಾರೆ, ಬೇಜಾರಾಗಬಾರದು ಅಂತ. ನಿಮ್ಮ 4.6ರಲ್ಲೂ ಇದು ಇರಬಹುದು.

ಆ್ಯಪ್ ಮಾಡುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಸತತ ಎಷ್ಟು ದಿನ ಬರೆದಿದ್ದೀರಿ ಅಂತ ಎಣಿಸಿ ತೋರಿಸುವುದನ್ನು ತೆಗೆಯಿರಿ. ಹಾಸಿಗೆಯಿಂದ ಏಳಕ್ಕೇ ಆಗದ ದಿನ ಬರೆಯಕ್ಕೂ ಆಗುವುದಿಲ್ಲ. ಮಾರನೇ ದಿನ ತೆರೆದರೆ ಎಣಿಕೆ ಸೊನ್ನೆಗೆ ಬಂದಿರುತ್ತದೆ. ಖಿನ್ನತೆ ಇರುವವರಿಗೆ "ಇದರಲ್ಲೂ ಸೋತೆ" ಅನ್ನಿಸುವುದಕ್ಕೆ ಅಷ್ಟು ಸಾಕು. ನೋಟಿಫಿಕೇಷನ್ ಕೂಡ. ಆಫೀಸಿನಲ್ಲಿ ಪಕ್ಕದವರು ಫೋನ್ ನೋಡುತ್ತಿರುವಾಗ "ಈಗ ಮೂಡ್ ಹೇಗಿದೆ?" ಅಂತ ಪರದೆ ಬೆಳಗಿತು. ಥೆರಪಿಸ್ಟ್‌ಗಳೇ, ಆ್ಯಪ್ ಹೇಳುವ ದಿನವೇ ಆ ಬರಹ ಪರದೆ ಮೇಲೆ ಕಾಣದ ಹಾಗೆ ಮಾಡುವುದನ್ನು ಕೂತು ತೋರಿಸಿಕೊಡಿ. ಒಂದು ನಿಮಿಷದ ಕೆಲಸ.

ರಾತ್ರಿ ಎರಡರ ಪ್ರಶ್ನೆಗೆ: ಯಾರೂ ಓದುವುದಿಲ್ಲ ಅಂತ ಸ್ಪಷ್ಟವಾಗಿ ಗೊತ್ತಿದ್ದರೆ ನಾನು ಬಿಡುಬೀಸಾಗಿ ಬರೆಯುತ್ತೇನೆ. ಓದುತ್ತಾರೆ ಅಂತ ಗೊತ್ತಿದ್ದರೆ ಅದಕ್ಕೆ ತಕ್ಕ ಹಾಗೆ ಬರೆಯುತ್ತೇನೆ. ಎರಡೂ ಸರಿ. ಓದಿದರೋ ಇಲ್ಲವೋ ಗೊತ್ತಿಲ್ಲದೆ ಬೆಳಗಿನ ತನಕ ಫೋನ್ ನೋಡುತ್ತಾ ಇರುವುದು ಮಾತ್ರ ಬೇಡ.

ಪ್ರತಿಕ್ರಿಯೆ: ವಾರದ ಗಂಟೆ

ಗುರುವಾರ ನಾಲ್ಕು ಗಂಟೆ, ನಿಮ್ಮ ಕೊನೆಯ ಮಾತನ್ನು ಎರಡು ಸಲ ಓದಿದೆ. ನಾನು ಓದಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳಿದ್ದು ಸ್ಪಷ್ಟವಾಗಿದೆಯೋ ಇಲ್ಲವೋ ಅನ್ನುವುದೇ ಮುಖ್ಯ ಅಂತ ಈಗ ಕಾಣುತ್ತಿದೆ.

ಮೌನಕ್ಕೂ ಜಾಗ ಅವರೇ, ಗ್ರಾಫ್ ಶುರುವಾದದ್ದು ಯಾವಾಗ ಅಂತ ನನ್ನ ಟಿಪ್ಪಣಿ ತೆಗೆದು ನೋಡಿದೆ. ನೀವು ಊಹಿಸಿದ್ದು ದೂರ ಇಲ್ಲ. ಅಣ್ಣನ ವಿಷಯ ಮಾತಾಡಿ, ತುಂಬ ಅತ್ತು ಹೋದ ಸೆಷನ್ನಿನ ನಂತರದ್ದು.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಸೂಪರ್‌ವಿಷನ್ (ಕಿರಿಯರ ಕೆಲಸ ನೋಡಿ ಮಾರ್ಗದರ್ಶನ) ಕೊಡುವವರು ಯಾರಾದರೂ ಇದ್ದರೆ ಅಪಾಯದ ಸಂದರ್ಭದ ಬಗ್ಗೆ ಹೇಳಿ.

ಉತ್ತರ: ಹಳೇ ಫೈಲು

ಕಿರಿಯ ಥೆರಪಿಸ್ಟ್‌ಗಳಿಗೆ ಸೂಪರ್‌ವಿಷನ್ ಕೊಡುತ್ತೇನೆ. ಆ್ಯಪ್ ಅಂತ ಯಾರು ಬಂದರೂ ನಾನು ಕೇಳುವುದು ಇಷ್ಟು: ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ಬರೆದದ್ದು ಎಲ್ಲಿ ಉಳಿಯುತ್ತದೆ? ಇದಕ್ಕೆ ಉತ್ತರ ಒಪ್ಪಿಗೆ ಪತ್ರದಲ್ಲಿ ಬರಹದಲ್ಲಿ ಇರಬೇಕು. ಬಾಯಿಮಾತು ಸಾಲದು.

ಅಪಾಯದ ಉದಾಹರಣೆ ಕೊಡುತ್ತೇನೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯನ್ನು ನಮ್ಮಲ್ಲಿ ಬಹಳ ಜನ ಬಳಸುತ್ತಾರೆ. ಒಂಬತ್ತು ಪ್ರಶ್ನೆ, ಒಟ್ಟು ಅಂಕ 0ಯಿಂದ 27. ಒಂಬತ್ತನೆಯದ್ದು, ಸತ್ತರೆ ಒಳ್ಳೆಯದು ಅಥವಾ ನನಗೆ ನಾನೇ ನೋವು ಮಾಡಿಕೊಳ್ಳಬೇಕು ಅನ್ನುವ ಯೋಚನೆ ಬಂದಿತ್ತಾ ಅಂತ ಕೇಳುತ್ತದೆ. ಕಾಗದದಲ್ಲಿ ಇದ್ದಾಗ ಕ್ಲೈಂಟ್ ತುಂಬಿ ನಿಮ್ಮ ಕೈಗೆ ಕೊಡುತ್ತಿದ್ದರು. ನೀವು ಅಲ್ಲೇ ನೋಡಿ ಅಲ್ಲೇ ಕೇಳುತ್ತಿದ್ದಿರಿ. ಅದೇ ಆ್ಯಪ್‌ನಲ್ಲಿ ಶನಿವಾರ ರಾತ್ರಿ ತುಂಬಿದರೆ, ನೀವು ಗುರುವಾರ ತೆರೆದರೆ? ನಡುವಿನ ದಿನಗಳ ಹೊಣೆ ಯಾರದ್ದು? ನಾನು ಕೊಡುವ ಸಲಹೆ: ದಿನದ ಎಲ್ಲ ಹೊತ್ತೂ ನೋಡುವ ಸಿಬ್ಬಂದಿ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಮನೆಯಲ್ಲಿ ತುಂಬಲು ಕಳಿಸಬೇಡಿ. ಸೆಷನ್ನಿಗೆ ಬಂದ ಮೇಲೆ ಅಲ್ಲೇ ಕೂತು ತುಂಬಿಸಿ, ಹತ್ತು ನಿಮಿಷದೊಳಗೆ ನೋಡಿ.

ಅಪಾಯದ ಹೊತ್ತಿನಲ್ಲಿ ಫೋನ್ ನಿಜವಾಗಿ ಕೆಲಸಕ್ಕೆ ಬರುವ ಜಾಗವೂ ಒಂದಿದೆ. ಸುರಕ್ಷತೆಯ ಯೋಜನೆ. ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ್ದು. ಮುನ್ಸೂಚನೆ ಏನು, ಒಬ್ಬರೇ ಏನು ಮಾಡಬಹುದು, ಗಮನ ಬೇರೆಡೆ ಹೋಗಲು ಯಾರ ಜೊತೆ ಅಥವಾ ಎಲ್ಲಿಗೆ ಹೋಗಬಹುದು, ಸಹಾಯ ಬೇಕು ಅಂತ ಯಾರಿಗೆ ಬಾಯಿಬಿಟ್ಟು ಕೇಳಬಹುದು, ಯಾವ ವೈದ್ಯರಿಗೆ ಅಥವಾ ಸಹಾಯವಾಣಿಗೆ ಕರೆ ಮಾಡಬೇಕು, ಹಾನಿ ಮಾಡಿಕೊಳ್ಳುವ ವಸ್ತುಗಳನ್ನು ಹೇಗೆ ದೂರ ಇಡಬೇಕು. ಆರು ಹಂತ. ಇದನ್ನು ಸೆಷನ್ನಿನಲ್ಲಿ ಇಬ್ಬರೂ ಕೂತು, ಕ್ಲೈಂಟ್‌ನ ಮಾತಿನಲ್ಲೇ ಬರೆದು ಅವರ ಫೋನಿನಲ್ಲಿ ಇಡಿಸಿ. ರಾತ್ರಿ ಎರಡಕ್ಕೆ ಕಾಗದ ಎಲ್ಲಿದೆ ಅಂತ ಹುಡುಕಲಾರರು. ಫೋನ್ ಕೈಯಲ್ಲೇ ಇರುತ್ತದೆ.

ಸೆಷನ್‌ಗಳ ನಡುವೆ ಸಂಪರ್ಕವೇ ಇರಬಾರದು ಅಂತಲ್ಲ. ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ, ಮಾರ್ಷಾ ಲಿನೆಹನ್ ಅವರ ಡಿಬಿಟಿ ಅನ್ನುವ ಥೆರಪಿಯಲ್ಲಿ ಫೋನ್ ಕರೆ ಚಿಕಿತ್ಸೆಯ ಭಾಗವೇ. ಆದರೆ ಯಾವುದಕ್ಕೆ ಕರೆ ಮಾಡಬಹುದು, ಥೆರಪಿಸ್ಟ್‌ನ ಮಿತಿ ಎಲ್ಲಿ ಅಂತ ಮೊದಲೇ ಮಾತಾಡಿಕೊಂಡಿರುತ್ತಾರೆ. ಆ್ಯಪ್‌ಗೂ ಅದೇ ಬೇಕು.

ಇನ್ನು ಗುಟ್ಟಿನ ವಿಷಯ. ಇದನ್ನು ಥೆರಪಿಸ್ಟ್‌ಗಳು ಹಗುರವಾಗಿ ತೆಗೆದುಕೊಳ್ಳುತ್ತಾರೆ ಅಂತ ನನಗೆ ಬಹಳ ಸಂಕಟ. ಫಿನ್ಲೆಂಡಿನ ವಸ್ತಾಮೊ ಅನ್ನುವ ಥೆರಪಿ ಸಂಸ್ಥೆಯ ದಾಖಲೆ ಕಳುವಾದದ್ದು 2020ರಲ್ಲಿ ಹೊರಬಂತು. ಸುಮಾರು 33,000 ಜನರದ್ದು. ಥೆರಪಿಸ್ಟ್‌ಗಳು ಬರೆದ ಸೆಷನ್ ಟಿಪ್ಪಣಿಗಳೂ ಅದರಲ್ಲಿದ್ದವು. ದುಡ್ಡು ಕೊಡದಿದ್ದರೆ ಬಯಲು ಮಾಡುತ್ತೇವೆ ಅಂತ ನೇರವಾಗಿ ರೋಗಿಗಳಿಗೇ ಬೆದರಿಕೆ ಪತ್ರ ಬಂದವು. ಅದು ಕಳ್ಳತನ. ಕಳ್ಳತನವೇ ಇಲ್ಲದೆಯೂ ಮಾಹಿತಿ ಹೊರಗೆ ಹೋಗಬಹುದು. ಜಾಹೀರಾತಿಗಾಗಿ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅನ್ನುವ ಆರೋಪದ ಮೇಲೆ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್ 78 ಲಕ್ಷ ಡಾಲರ್ ಕೊಡಬೇಕು ಅಂತ 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆದೇಶ ಮಾಡಿತು. ಖಾತೆ ತೆರೆಯದೆ ಬಳಸಬಹುದಾ, ಬರೆದದ್ದು ಫೋನಿನಲ್ಲೇ ಉಳಿಯುತ್ತದಾ, ಅಳಿಸಿದರೆ ನಿಜವಾಗಿ ಅಳಿಯುತ್ತದಾ, ಉಚಿತ ಆಗಿದ್ದರೆ ದುಡ್ಡು ಎಲ್ಲಿಂದ ಬರುತ್ತದೆ? ಇಷ್ಟನ್ನು ನೀವೇ ಮೊದಲು ಓದಿ ನೋಡಿ. ನೀವು ಒಂದು ವಾರ ಬಳಸದ ಆ್ಯಪನ್ನು ಕ್ಲೈಂಟ್‌ಗೆ ಹೇಳಬೇಡಿ. ಜರ್ಮನಿಯಲ್ಲಿ 2020ರಿಂದ ಸರ್ಕಾರದ ಪಟ್ಟಿಯಲ್ಲಿರುವ ಆ್ಯಪ್‌ಗಳನ್ನು ವೈದ್ಯರು, ಸೈಕೋಥೆರಪಿಸ್ಟ್‌ಗಳು ಚೀಟಿ ಬರೆದು ಕೊಡಬಹುದು, ವಿಮೆ ಹಣ ಕೊಡುತ್ತದೆ. ಅಲ್ಲಿ ಪರಿಶೀಲನೆಗೆ ಒಂದು ವ್ಯವಸ್ಥೆ ಇದೆ. ಸುಮ್ನೆ ಆ್ಯಪ್ ಅಂಗಡಿಯಿಂದ ಇಳಿಸಿಕೊಂಡ ಬಹುಪಾಲು ಆ್ಯಪ್‌ಗಳ ಹಿಂದೆ ಅಂಥದ್ದೇನೂ ಇರುವುದಿಲ್ಲ.

ಮೌನಕ್ಕೂ ಜಾಗ ಅವರಿಗೆ ಪ್ರೀತಿಯಿಂದಲೇ ಒಂದು ಮಾತು. ಮುಖ ನೋಡಿ ನಮಗೆ ಎಲ್ಲ ಗೊತ್ತಾಗುತ್ತದೆ ಅನ್ನುವ ನಂಬಿಕೆ ನಮಗೆಲ್ಲರಿಗೂ ಇದೆ. 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ 550 ಕ್ಲೈಂಟ್‌ಗಳಲ್ಲಿ ಯಾರ ಸ್ಥಿತಿ ಕೆಡುತ್ತದೆ ಅಂತ ಅವರವರ ಥೆರಪಿಸ್ಟ್‌ಗಳನ್ನೇ ಕೇಳಿದರು. ಅವರು ಹೇಳಿದ್ದು 3 ಜನ. ನಿಜವಾಗಿ ಕೆಟ್ಟದ್ದು 40 ಜನರದ್ದು. ಪ್ರಶ್ನಾವಳಿಯ ಅಂಕಿ ಕಾಗದದಲ್ಲಿರಲಿ ಫೋನಿನಲ್ಲಿರಲಿ, ನಮ್ಮ ಕಣ್ಣಿಗೆ ತಪ್ಪಿದ್ದನ್ನು ಅದು ಹಿಡಿಯುತ್ತದೆ. ಅದನ್ನು ಬಿಡಬೇಡಿ.

ಉತ್ತರ: ಮೌನಕ್ಕೂ ಜಾಗ

ಹಳೇ ಫೈಲು ಅವರೇ, ಆ ಅಧ್ಯಯನ ನನಗೂ ಗೊತ್ತು, ಅದು ಚುಚ್ಚುತ್ತದೆ. ತಿಂಗಳಿಗೊಮ್ಮೆ ಪ್ರಶ್ನಾವಳಿ ಕೊಡುವುದಕ್ಕೆ ನನ್ನ ವಿರೋಧ ಇಲ್ಲ. ದಿನಕ್ಕೆ ಮೂರು ಸಲ ಮನಸ್ಸನ್ನು ಅಳೆಯಬೇಕು ಅನ್ನುವುದಕ್ಕೆ ಇದೆ.

ಉತ್ತರ: ಹೆದರಿಕೆ ಏಣಿ

ಗೀಳು ಕಾಯಿಲೆಯವರ ಜೊತೆ ಕೆಲಸ ಮಾಡುವವರಿಗೆ ಬೇರೆಯದೇ ಎಚ್ಚರಿಕೆ ಬೇಕು. ನಮ್ಮ ಚಿಕಿತ್ಸೆಯ ತಿರುಳು ಅಂದರೆ ಅನುಮಾನ ಬಂದಾಗ ಸಮಾಧಾನ ಹುಡುಕದೆ ಅದರ ಜೊತೆ ಇರುವುದು. ಚಾಟ್‌ಬಾಟ್ ಇದಕ್ಕೆ ನೇರ ಉಲ್ಟಾ. "ಇಂಥ ಯೋಚನೆ ಬಂದರೆ ನಾನು ಕೆಟ್ಟವನಾ?" ಅಂತ ಕೇಳಿದರೆ "ಇಲ್ಲ" ಅನ್ನುತ್ತದೆ. ಮತ್ತೆ ಕೇಳಿದರೆ ಮತ್ತೆ "ಇಲ್ಲ" ಅನ್ನುತ್ತದೆ. ಮನೆಯವರಾದರೆ ಒಂದು ಹಂತದಲ್ಲಿ ಸಾಕು ಅನ್ನುತ್ತಾರೆ. ಇದಕ್ಕೆ ಸುಸ್ತಾಗುವುದಿಲ್ಲ. ಮೊದಲ ಭೇಟಿಯಲ್ಲೇ ಕೇಳಿ: ಭಯ ಬಂದಾಗ ಫೋನಿನಲ್ಲಿ ಏನು ತೆರೆಯುತ್ತೀರಿ? ಬಾಗಿಲು ಎಷ್ಟು ಸಲ ನೋಡುತ್ತೀರಿ ಅಂತ ಕೇಳುತ್ತೀರಲ್ಲ, ಅದರ ಜೊತೆಗೇ.

ಉಸಿರಾಟದ ಆ್ಯಪ್ ಕೂಡ ಎಕ್ಸ್‌ಪೋಷರ್ ನಡುವೆ ತೆರೆದರೆ ಕೆಲಸ ಕೆಡಿಸುತ್ತದೆ. "ಲಿಫ್ಟ್ ಹತ್ತಿದೆ, ಏನೂ ಆಗಲಿಲ್ಲ" ಅನ್ನುವ ಪಾಠದ ಬದಲು "ಆ್ಯಪ್ ಇತ್ತು, ಅದಕ್ಕೆ ಏನೂ ಆಗಲಿಲ್ಲ" ಅನ್ನುವ ಪಾಠ ಉಳಿಯುತ್ತದೆ. ನಿದ್ದೆಯದ್ದೂ ಹೀಗೇ. ಬೆಳಿಗ್ಗೆ ಎದ್ದು ಒಂದೇ ಸಲ ತುಂಬುವ ನಿದ್ದೆ ಡೈರಿ ಒಳ್ಳೆಯದು. ಕೈಗೆ ಕಟ್ಟಿದ ಯಂತ್ರ ಕೊಟ್ಟ ನಿದ್ದೆ ಅಂಕ ನೋಡಿ ಆತಂಕಪಟ್ಟು, ಅದರಿಂದಲೇ ನಿದ್ದೆ ಹೋದವರ ಬಗ್ಗೆ 2017ರಿಂದ ವೈದ್ಯರು ಬರೆಯುತ್ತಿದ್ದಾರೆ.

ಪ್ರತಿಕ್ರಿಯೆ: ವಾರದ ಗಂಟೆ

ಎಲ್ಲರಿಗೂ ಧನ್ಯವಾದ. ನಿನ್ನೆ ಮೂರನೆಯವರ ಸೆಷನ್ ಇತ್ತು. ಮೊದಲೇ ಬರೆದುಕೊಂಡು ಹೋಗಿ, ಅವರ ಜೊತೆ ಕೂತು ತಿದ್ದಿದೆ. ಈಗ ಹೀಗಿದೆ:

"ನೀವು ಆ್ಯಪ್‌ನಲ್ಲಿ ಬರೆದದ್ದನ್ನು ನಾನು ಸೆಷನ್‌ಗಳ ನಡುವೆ ಓದುವುದಿಲ್ಲ. ಸೆಷನ್ನಿನಲ್ಲಿ ಇಬ್ಬರೂ ಸೇರಿ ತೆರೆಯುತ್ತೇವೆ. ಯಾವುದನ್ನು ಓದಬೇಕು ಅಂತ ನೀವು ಹೇಳುತ್ತೀರಿ. ನೀವು ತೆರೆಯಲು ಬಯಸಿದ ವಾರ ನಾನು ಮರೆಯುವುದಿಲ್ಲ. ಆ್ಯಪ್ ನನ್ನನ್ನು ಸಂಪರ್ಕಿಸುವ ದಾರಿ ಅಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಸುರಕ್ಷತೆಯ ಯೋಜನೆ ತೆರೆದು ಅದರಲ್ಲಿರುವವರಿಗೆ ಕರೆ ಮಾಡುತ್ತೀರಿ."

ಓದಿ ಮುಗಿಸಿ ಅವರು, "ಹಾಗಾದರೆ ರಾತ್ರಿ ಬರೆದದ್ದು ಗುರುವಾರದ ತನಕ ನನ್ನದೇ" ಅಂದರು. ಹೌದು ಅಂದೆ. ಅವರಿಗೆ ಅದು ಇಷ್ಟವಾಯಿತು ಅನ್ನಿಸಿತು. ನನ್ನ ಕಂಪ್ಯೂಟರಿಗೆ ಬರುತ್ತಿದ್ದ ಸಂಪರ್ಕವನ್ನು ಅವರೆದುರೇ ತೆಗೆದೆ.

ಗ್ರಾಫ್ ಕ್ಲೈಂಟ್‌ಗೆ ಆ್ಯಪ್ ಬದಲಿಸಿ ಅಂತ ಇನ್ನೂ ಹೇಳಿಲ್ಲ. ಈ ವಾರ ಗ್ರಾಫ್ ತೋರಿಸಿದಾಗ, "ಇದನ್ನು ನೋಡಿ ನನಗೆ ಏನನ್ನಿಸಬೇಕು ಅಂತ ನಿಮಗಿದೆ?" ಅಂತ ಕೇಳುತ್ತೇನೆ. ಕೆಳಗಿನ ಚುಕ್ಕಿಯ ಕಥೆ ಆಮೇಲೆ.

ಒಪ್ಪಿಗೆ ಪತ್ರದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಹೇಳಿ.

ಉತ್ತರ: ಹಳೇ ಫೈಲು

ಥೆರಪಿ ಮುಗಿದ ಮೇಲೆ ಆ ಬರಹ ಏನಾಗುತ್ತದೆ ಅನ್ನುವುದು ಬಿಟ್ಟುಹೋಗಿದೆ. ಕಂಪನಿ ಮುಚ್ಚಿದರೆ ಏನು ಅನ್ನುವುದೂ. ಥೆರಪಿ ಚಾಟ್‌ಬಾಟ್ ಮಾಡಿದ್ದ ವೋಬಾಟ್ ಕಂಪನಿ ತನ್ನ ಆ್ಯಪನ್ನು 2025ರ ಜೂನ್ ಕೊನೆಗೆ ನಿಲ್ಲಿಸಿತು. ಚೀಟಿ ಬರೆದು ಕೊಡುವ ಆ್ಯಪ್‌ಗಳನ್ನು ಮಾಡಿದ್ದ ಪಿಯರ್ ಥೆರಪ್ಯೂಟಿಕ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಬರೆದದ್ದನ್ನು ತಿಂಗಳಿಗೊಮ್ಮೆ ತಮ್ಮ ಹತ್ತಿರ ಇಳಿಸಿಟ್ಟುಕೊಳ್ಳಲು ಕ್ಲೈಂಟ್‌ಗೆ ಹೇಳಿಕೊಡಿ. ಕೊನೆಯ ಸೆಷನ್ನಿನಲ್ಲಿ ಇಟ್ಟುಕೊಳ್ಳುವುದೋ ಅಳಿಸುವುದೋ ಅಂತ ಅವರನ್ನೇ ಕೇಳಿ, ಅಳಿಸುವುದಾದರೆ ಖಾತೆ ಸಮೇತ ಅಳಿಸಿ.

ಪ್ರತಿಕ್ರಿಯೆ: ವಾರದ ಗಂಟೆ

ಎರಡನ್ನೂ ಸೇರಿಸುತ್ತೇನೆ. ಆ ಆ್ಯಪ್‌ನಲ್ಲಿ ಬರೆದದ್ದನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು, ಈಗಷ್ಟೇ ನೋಡಿದೆ. ಖಾತೆ ಅಳಿಸಲು ಮಾತ್ರ ಕಂಪನಿಗೆ ಇಮೇಲ್ ಬರೆಯಬೇಕಂತೆ. ಅದನ್ನೂ ಪತ್ರದಲ್ಲಿ ಹಾಕುತ್ತೇನೆ.